ಕಪ್ಪು ಮರಳಿನ ಎಂಟು ದಿನ

ರೆಸಾರ್ಟಿನ ಚಿತ್ರದಲ್ಲಿ ಎರಡು ಪೈನ್ ಮರ,
ನಡುವೆ ಒಂದು ಜೋಲಿ,
ಜೋಲಿಯಲ್ಲಿ ಪುಸ್ತಕ ಮುಖಕ್ಕೆ ಮುಚ್ಚಿ ಮಲಗಿದ ಹೆಂಗಸು.
ಅವಳಾಗಲೆಂದು ನಾನು ಮುಂಗಡ ಕಟ್ಟಿದ್ದೆ.

ರುಸ್ತಾವಿಯಿಂದ ಹೊರಟೆವು.
ನಮ್ಮಿಬ್ಬರದು ಸೇರಿ ಒಂದು ಚೀಲ,
ಏಳು ತಿಂಗಳ ತೇಕ್ಲೆಯದು ಐದು.
ಎಷ್ಟು ಕಡಿಮೆ ಸಾಕಿತ್ತು ನಮಗೆ ಮೊದಲು,
ಬದುಕಿದ್ದೇವೆ ಅನ್ನಿಸಿಕೊಳ್ಳಲು!

ಉರೇಕಿಯ ಮರಳು ಕಪ್ಪು,
ಬಾಣಲೆಯ ತಳದ ಮಸಿಯ ಹಾಗೆ.
ಕಬ್ಬಿಣವಿದೆ ಅದರಲ್ಲಿ,
ಅಯಸ್ಕಾಂತ ಹಿಡಿದರೆ ಅದಕ್ಕೆ ಮೀಸೆ ಬೆಳೆಯುತ್ತದೆ.
ಮೂಳೆಗೆ ಒಳ್ಳೆಯದಂತೆ, ನರಕ್ಕೆ ಒಳ್ಳೆಯದಂತೆ,
ಹಾಗೆನ್ನುತ್ತ ಮನೆಯೊಡತಿ ನಾಝಿಬ್ರೋಲಾ
ನಮ್ಮನ್ನು ಕೇಳದೆಯೇ ಕೂಸಿನ ಕಾಲುಚೀಲ ಕಳಚಿದಳು.
ವರ್ಷವಿಡೀ ಉಕ್ಕಿನ ಕಾರ್ಖಾನೆಯಲ್ಲಿ ಬೇಯುವ ತೊರ್ನಿಕೆ
ಒಂದು ಹಿಡಿ ಎತ್ತಿ ಮೂಸಿ ನೋಡಿದ:
"ರಜೆ ಹಾಕಿ ಬಂದರೂ ಇದೇನಾ?"

ಸಮುದ್ರ ಇನ್ನೂರು ಹೆಜ್ಜೆ.
ಹೊರಡಲು ಒಂದೂವರೆ ಗಂಟೆ.
ಟೊಪ್ಪಿ ಹಾಕಿದರೆ ಟೊಪ್ಪಿ ಕಿತ್ತಳು,
ಮುಲಾಮು ಹಚ್ಚಿದರೆ ಮುಲಾಮು ನೆಕ್ಕಿದಳು,
ಎಲ್ಲ ಮುಗಿಸಿ ಹೊಸಿಲು ದಾಟಿದಾಗ
ಘಮ್ಮೆಂದಿತು. ಮತ್ತೆ ಒಳಗೆ.
ದಡ ಮುಟ್ಟುವಷ್ಟರಲ್ಲಿ ನಿದ್ದೆ ಹೋಗಿದ್ದಳು.
ಸಮುದ್ರವನ್ನು ನಾವಿಬ್ಬರೇ ನೋಡಿದೆವು, ಪಾಳಿಯಲ್ಲಿ,
ಒಬ್ಬರು ನೋಡುವಾಗ ಇನ್ನೊಬ್ಬರು ಛತ್ರಿ ಹಿಡಿದು.

"ಸಿಮಿಂದಿ! ಬಿಸಿ ಬಿಸಿ ಸಿಮಿಂದಿ!"
ಬೆಂದ ಮುಸುಕಿನ ಜೋಳ ಮಾರುವವಳು
ದಡದುದ್ದ ಕೂಗುತ್ತ ಬಂದು
ನಮ್ಮ ಛತ್ರಿಯ ಹತ್ತಿರ ಮಾತ್ರ ಪಿಸುಗುಟ್ಟಿದಳು.
ಅವಳಿಗೂ ಮನೆಯಲ್ಲಿ ಯಾರೋ ಮಲಗಿರಬೇಕು.

ಮೂರನೆಯ ದಿನ ದಡಕ್ಕೊಂದು ಹಸು ಬಂತು.
ಯಾರೂ ತಲೆಯೆತ್ತಲಿಲ್ಲ.
ಈಜುಡುಗೆಯ ಜನರ ನಡುವೆ ನಡೆದು,
ನಮ್ಮ ಕಲ್ಲಂಗಡಿ ಸಿಪ್ಪೆ ಮುಗಿಸಿ,
ನೀರಿನಲ್ಲಿ ನಾಲ್ಕು ಕಾಲೂ ಇಟ್ಟು ನಿಂತುಬಿಟ್ಟಿತು.
ಇಡೀ ಉರೇಕಿಯಲ್ಲಿ
ವಿಶ್ರಾಂತಿ ಅಂದರೇನೆಂದು ಬಲ್ಲ ಒಂದೇ ಜೀವ.
ತೇಕ್ಲೆ ಅದನ್ನು ನೋಡಿ ಕೇಕೆ ಹಾಕಿದಳು.
ಸಮುದ್ರವನ್ನು ನೋಡಿ ಹಾಕಿರಲಿಲ್ಲ.

ಜೋಲಿ ಇತ್ತು, ಸುಳ್ಳಲ್ಲ.
ಅದರಲ್ಲಿ ಕೂಸಿನ ಬಟ್ಟೆ ಒಣಗುತ್ತಿತ್ತು.

ನಮ್ಮ ಮಾತಿನಲ್ಲಿ ಅಮ್ಮ ಎಂದರೆ ದೇದಾ,
ಮಾಮಾ ಎಂದರೆ ಅಪ್ಪ.
ಯಾವ ಪುಣ್ಯಾತ್ಮ ಹಂಚಿದನೋ ಹೀಗೆ,
ಕೂಸಿನ ತುಟಿ ಮೊದಲು ಕೂಡಿಸುವ ಸದ್ದನ್ನು
ಗಂಡಸಿನ ಪಾಲಿಗೆ!
ಆರನೆಯ ರಾತ್ರಿ ಮಲಗಲೊಲ್ಲದ ಅವಳನ್ನು ಹೊತ್ತು
ಒಬ್ಬಳೇ ದಡಕ್ಕೆ ಹೋದೆ.
ಕಪ್ಪು ನೀರು, ಕಪ್ಪು ಮರಳು, ನಾಲ್ಕು ಗಂಟೆ.
ಎಲ್ಲಿ ನೆಲ ಮುಗಿಯಿತೆಂದು ಪಾದಕ್ಕಷ್ಟೇ ಗೊತ್ತು.
ತೇಕ್ಲೆ ನನ್ನ ಮೂಗು ಹಿಡಿದು,
ಒಂದಕ್ಷರವೂ ತೊದಲದೆ, ಅಂದಳು:
"ಮಾಮಾ."

ಮಾಮಾ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಏಳು ತಿಂಗಳು ಎದೆ ಕೊಟ್ಟವಳು ನಾನು!
ನಮ್ಮಲ್ಲಿ ತಾಯಿ ಮಗುವನ್ನು ಕರೆಯುವುದೂ ತನ್ನ ಹೆಸರಿನಲ್ಲೇ:
ಬಾ ದೇದಾ, ಉಣ್ಣು ದೇದಾ, ಮಲಗು ನನ್ನ ದೇದಾ,
ಹೀಗೆ ದಿನಕ್ಕೆ ನೂರು ಸಲ
ನನ್ನ ಪದವಿಯನ್ನು ಅವಳ ಬಾಯಿಗಿಟ್ಟೆನಲ್ಲ,
ಒಂದನ್ನಾದರೂ ಹಿಂದಿರುಗಿಸಬಾರದೆ?
ಅಲೆಯೊಂದು ಬಂದು ಇಬ್ಬರ ಕಾಲನ್ನೂ ಒದ್ದೆ ಮಾಡಿತು.
ಅವಳು ನಕ್ಕಳು. ನನಗೂ ತಡೆಯಲಾಗಲಿಲ್ಲ.

ತೊರ್ನಿಕೆಗೆ ಹೇಳಲಿಲ್ಲ.
ಬೆಳಿಗ್ಗೆ ಹೇಳಲಿಲ್ಲ, ಮಧ್ಯಾಹ್ನವೂ ಇಲ್ಲ.
ಆ ಗುಟ್ಟನ್ನು ಬಾಯಲ್ಲಿ ಸಕ್ಕರೆಯ ಹರಳಿನಂತೆ ಇಟ್ಟುಕೊಂಡು
ಬಟ್ಟೆ ಮಡಚಿದೆ, ಗಂಜಿ ಕಲಸಿದೆ.
ಆ ಒಂದು ದಿನ ನನಗೆ ರಜೆ.

ಈಗ ರುಸ್ತಾವಿಯಲ್ಲಿದ್ದೇವೆ.
ಮರಳೂ ನಮ್ಮೊಡನೆ ಬಂದಿದೆ,
ಕೊರಳ ಮಡಿಕೆಯಲ್ಲಿ, ಹೊದಿಕೆಯಲ್ಲಿ, ಗಂಜಿಯ ಬಟ್ಟಲಿನಲ್ಲಿ.
ಫ್ರಿಜ್ಜಿನ ಬಾಗಿಲ ಅಯಸ್ಕಾಂತ ಕಿತ್ತು
ತೊರ್ನಿಕೆ ಮಂಡಿಯೂರಿ ಹೊದಿಕೆ ಸವರುತ್ತಿದ್ದ.
ಅದಕ್ಕೆ ಮೀಸೆ ಬಂದದ್ದು ನೋಡಿ ತೇಕ್ಲೆ ಬೆರಳು ಚಾಚಿ
ಅಂದಳು: "ಮಾಮಾ."

ಅವನು ಬರಿಗಾಲಲ್ಲೇ ಮೆಟ್ಟಿಲಿಳಿದು
ನಾಲ್ಕು ಮಹಡಿಗೂ ಸುದ್ದಿ ಮುಟ್ಟಿಸಿದ.
ನಾನೂ ಆಗಷ್ಟೇ ಕೇಳಿದವಳ ಹಾಗೆ
ಜೋರಾಗಿ ಚಪ್ಪಾಳೆ ತಟ್ಟಿದೆ.